ಹಾಲುಕೋಣೆಯ ಮಜ್ಜಿಗೆ

ನಮ್ಮ ಕಡೆಯ ಹಟ್ಟಿಗಳಲ್ಲಿ ನನ್ನನ್ನು ಗಂಜಿ ಮೇಷ್ಟ್ರು ಅನ್ನುತ್ತಾರೆ. ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಗಂಜಿ ಮೇಷ್ಟ್ರು ಅಂದರೆ ಕೋಟಗಿರಿ ಸಂತೆಯಲ್ಲಿ ಸೊಪ್ಪು ಮಾರುವವಳೂ ದಾರಿ ತೋರಿಸುತ್ತಾಳೆ. ಶಾಲೆಯ ಹಿಂದೆ ಒಂದು ತಗಡಿನ ಮಾಡು ಇಳಿಸಿ, ದಿನಾ ಬೆಳಗ್ಗೆ ದೊಡ್ಡ ಪಾತ್ರೆಯಲ್ಲಿ ರಾಗಿ ಗಂಜಿ ಕಾಯಿಸುತ್ತೇನೆ. ಬಂದ ಮಕ್ಕಳು ಮೊದಲು ಕುಡಿಯಬೇಕು, ಆಮೇಲೆ ಗಂಟೆ, ಆಮೇಲೆ ಪ್ರಾರ್ಥನೆ, ಆಮೇಲೆ ಲೆಕ್ಕ. ಒಬ್ಬಳನ್ನು ಬಿಟ್ಟು ಎಲ್ಲ ಮಕ್ಕಳೂ ಕುಡಿಯುತ್ತಾರೆ. ಆ ಒಬ್ಬಳ ಮಾತು ಕೊನೆಗೆ ಹೇಳುತ್ತೇನೆ.

ಹೋದ ವರ್ಷ ಶಾಲಾ ಇನ್ಸ್‌ಪೆಕ್ಟರು ಬಂದು ಗಂಜಿಯ ಪಾತ್ರೆಯನ್ನು ಬಗ್ಗಿ ನೋಡಿ, ತಲೆಯಾಡಿಸಿ, ಪುಸ್ತಕದಲ್ಲಿ ನಾಲ್ಕು ಒಳ್ಳೆಯ ಸಾಲು ಬರೆದು ಹೋದರು. ಸುದ್ದಿ ಕೇಳಿ ಹಟ್ಟಿಯ ಹಿರಿಯರು ಸೇರಿ ನನಗೊಂದು ಶಾಲು ಹೊದಿಸಿದರು. ಹಸಿದ ಮಕ್ಕಳ ತಲೆಗೆ ಅಕ್ಷರ ಹತ್ತುವುದಿಲ್ಲ ಎಂಬುದನ್ನು ಈ ಬೆಟ್ಟದಲ್ಲಿ ಮೊದಲು ಕಂಡುಕೊಂಡವರು ಇವರೇ ಅಂತ ಒಬ್ಬರು ಭಾಷಣ ಮಾಡಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಎಷ್ಟು ವಿನಯ ನೋಡಿ ಅಂದರು. ವಿನಯ ಅಂತೆ! ಹೇಗೆ ಕಂಡುಕೊಂಡೆ ಅಂತ ಅವರಲ್ಲಿ ಒಬ್ಬನಾದರೂ ಕೇಳಬೇಕಿತ್ತು. ಕೇಳಿದ್ದರೆ ಏನಾದರೂ ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ ಅನ್ನುವುದೂ ನಿಜ. ಶಾಲು ಮನೆಯ ಗೂಟಕ್ಕೆ ನೇತುಹಾಕಿದ್ದೇನೆ, ಕಣ್ಣಿಗೆ ಬಿದ್ದಾಗಲೆಲ್ಲ ಮೈ ಪರಚಿದ ಹಾಗಾಗುತ್ತದೆ. ಅದಕ್ಕೇ ಯಾರೂ ಕೇಳದಿದ್ದರೂ ಬರೆಯುತ್ತಿದ್ದೇನೆ.

ನಮ್ಮ ಹಟ್ಟಿ ಕೂಕಲ್ತೊರೈಯಿಂದ ಈಚೆಗಿನ ದಿಣ್ಣೆಯ ಮೇಲಿದೆ. ಒಂದೇ ಸಾಲಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು, ಎಲ್ಲವೂ ಒಂದೇ ವಂಶದವರದು. ಪ್ರತಿ ಮನೆಗೂ ಒಂದು ಹೊರಮನೆ, ಒಂದು ಒಳಮನೆ, ಮೂಲೆಯಲ್ಲಿ ಬಗ್ಗಿ ಹೋಗಬೇಕಾದಷ್ಟು ಚಿಕ್ಕ ಬಾಗಿಲಿನ ಒಂದು ಹಾಲುಕೋಣೆ. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ ಎಲ್ಲ ಅದರೊಳಗೆ. ಹೆಂಗಸರು ಆ ಹೊಸಲು ದಾಟುವಂತಿಲ್ಲ. ಗಂಡು ಹುಡುಗನೂ ಶಾಸ್ತ್ರ ಮಾಡಿಸಿಕೊಂಡು ಮೊದಲ ಸಲ ಎಮ್ಮೆ ಕರೆಯುವವರೆಗೆ ಒಳಗೆ ಹೋಗುವಂತಿಲ್ಲ. ಗಂಡಸು ತಣ್ಣೀರಲ್ಲಿ ಮಿಂದು, ಒದ್ದೆ ಮೈಯಲ್ಲಿ ಒಳಗೆ ಹೋಗಿ, ಬೇಕಾದ್ದನ್ನು ಹೊರಗೆ ತಂದುಕೊಡಬೇಕು. ನನ್ನ ಹೆತ್ತೆ, ಅಂದರೆ ಅಪ್ಪನ ತಾಯಿ, ಮದುವೆಯಾಗಿ ಬಂದಾಗಿನಿಂದ ಮುದುಕಿಯಾಗುವ ತನಕ ಆ ಮನೆಯಲ್ಲಿ ಬಾಳಿದವಳು. ಎಮ್ಮೆಗಳಿಗೆ ಹುಲ್ಲು ಹೊತ್ತಳು, ಸಗಣಿ ಬಾಚಿದಳು. ಅವುಗಳ ಹಾಲು ಯಾವ ಗಡಿಗೆಯಲ್ಲಿದೆ ಅಂತ ಒಂದು ದಿನವೂ ಕಣ್ಣಾರೆ ಕಂಡವಳಲ್ಲ. ಇದರಲ್ಲಿ ತಪ್ಪೇನಾದರೂ ಇದೆ ಅಂತ ಆಗ ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ನಮ್ಮ ಬೆಳಗಿನ ಊಟ ಅಂದರೆ ರಾತ್ರಿ ಉಳಿದ ರಾಗಿ ಹಿಟ್ಟು, ಅಂದರೆ ಮುದ್ದೆ. ಈ ಚಳಿಗೆ ಅದು ಬೆಳಗಾಗುವುದರೊಳಗೆ ಕಲ್ಲಾಗಿರುತ್ತದೆ. ಅದನ್ನು ಮಜ್ಜಿಗೆಗೆ ಕಿವುಚಿ, ಉಪ್ಪು ಹಾಕಿ ಕುಡಿಯಬೇಕು. ಮಜ್ಜಿಗೆ ಇಲ್ಲದೆ ಬರೀ ಹಿಟ್ಟು ಗಂಟಲಲ್ಲಿ ಇಳಿಯುವುದಿಲ್ಲ. ನೀರಿಗೆ ಕಿವುಚಿ ಕುಡಿದರೆ ಅರ್ಧ ದಾರಿಯಲ್ಲೇ ವಾಂತಿ ಬರುತ್ತಿತ್ತು, ನಾನೂ ಅಕ್ಕನೂ ಮಾಡಿ ನೋಡಿದ್ದೆವು. ತಾತ ಬೆಳಕು ಹರಿಯುವಾಗ ದೊಡ್ಡಿಗೆ ಹೋಗಿ ಎಮ್ಮೆ ಕರೆದು, ಬಂದು ಮಿಂದು, ದೀಪ ಹಚ್ಚಿ, ಕಡೆದು, ಆಮೇಲೆ ಮಜ್ಜಿಗೆ ಹೊರಗೆ ಕೊಡುತ್ತಿದ್ದ. ಅಷ್ಟರಲ್ಲಿ ಬಿಸಿಲು ಎದುರಿನ ದಿಣ್ಣೆಯಿಂದ ನಮ್ಮ ಅಂಗಳಕ್ಕೆ ಇಳಿದಿರುತ್ತಿತ್ತು. ಹೊಲಕ್ಕೆ ಹೋದವರು ಆಗ ತಿರುಗಿ ಬಂದು ಉಣ್ಣುತ್ತಿದ್ದರು. ಹಟ್ಟಿಗೆ ಅದು ಸರಿಯಾದ ಹೊತ್ತೇ. ಆದರೆ ಶಾಲೆಯ ಗಂಟೆ ಅದಕ್ಕಿಂತ ಎಷ್ಟೋ ಮೊದಲೇ ಬಡಿದಿರುತ್ತಿತ್ತು.

ಶಾಲೆ ಕೆಳಗಿನ ಇಳಿಜಾರಿನಲ್ಲಿತ್ತು. ನಡುವೆ ಕಾಡಿನ ಒಂದು ತುಂಡು, ಅದರಲ್ಲಿ ಕಾಟಿಗಳ, ಅಂದರೆ ಕಾಡುಕೋಣಗಳ, ಕಾಟ. ನಾನು ಚಿಕ್ಕವನು, ಒಬ್ಬನೇ ಹೋಗಲಾರೆ ಅಂತ ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕನನ್ನು ಜೊತೆಗೆ ಕಳಿಸಿದರು. ಅವಳು ಓದಲಿ ಅಂತ ಅಲ್ಲ, ನನ್ನ ಕೈ ಹಿಡಿದುಕೊಳ್ಳಲಿ ಅಂತ. ಬಂದವಳು ಹೊರಗೆ ಯಾಕೆ ಕೂರಬೇಕು ಅಂತ ಮೇಷ್ಟ್ರು ಅವಳ ಹೆಸರನ್ನೂ ನನ್ನ ಹೆಸರಿನ ಕೆಳಗೆ ಬರೆದುಕೊಂಡರು. ಹೀಗೆ ಅವಳು ನನ್ನಿಂದಾಗಿ ಶಾಲೆಗೆ ಬಂದಳು.

ಮೇಷ್ಟ್ರು ಮೈಸೂರು ಸೀಮೆಯಿಂದ ಘಟ್ಟ ಹತ್ತಿ ಬಂದವರು. ಅವರ ಮನೆ ಶಾಲೆಗೆ ಅಂಟಿಕೊಂಡೇ ಇತ್ತು. ಬೆಳಗ್ಗೆ ನಾವು ಹೋಗಿ ಕೂರುವ ಹೊತ್ತಿಗೆ ಅವರ ಹೆಂಡತಿ ಒಗ್ಗರಣೆ ಹಾಕುತ್ತಿದ್ದರು. ಸಾಸಿವೆ ಸಿಡಿಯುವ ಸದ್ದು ನಮಗೆ ಕೇಳಿಸುತ್ತಿತ್ತು, ವಾಸನೆ ಕಿಟಕಿಯಿಂದ ಒಳಗೇ ಬರುತ್ತಿತ್ತು. ಮೇಷ್ಟ್ರು ಬಾಯಿ ಒರೆಸಿಕೊಂಡು ಬಂದು ಮೊದಲು ಲೆಕ್ಕ ಹಿಡಿಯುತ್ತಿದ್ದರು. ನಮಗೆ ತಲೆ ತಿರುಗುತ್ತಿತ್ತು, ಕಣ್ಣು ಮುಚ್ಚಿಕೊಂಡು ಬರುತ್ತಿತ್ತು. ಈ ಬೆಟ್ಟದ ಮಕ್ಕಳ ತಲೆಯಲ್ಲಿ ಮಧ್ಯಾಹ್ನದವರೆಗೆ ಹಿಮ ಕಟ್ಟಿರುತ್ತದೆ, ಬಿಸಿಲು ಬಂದ ಮೇಲೆ ಕರಗುತ್ತದೆ ಅಂತ ಅವರು ಹೇಳುತ್ತಿದ್ದರು. ಕೆಟ್ಟವರಲ್ಲ, ನಿಜವಾಗಿಯೂ ಹಾಗೇ ನಂಬಿದ್ದರು. ಮಧ್ಯಾಹ್ನ ಅವ್ವೆ ಪಕ್ಕದ ಹೊಲದಲ್ಲಿ ಕೆಂಡಕ್ಕೆ ಆಲೂಗಡ್ಡೆ ಹಾಕಿ ಸುಟ್ಟು ತಂದುಕೊಡುತ್ತಿದ್ದಳು. ಅದನ್ನು ತಿಂದ ಮೇಲೆ ನಾವು ಚುರುಕಾದರೆ ನೋಡಿ, ಹಿಮ ಕರಗಿತು ಅನ್ನುತ್ತಿದ್ದರು. ನಾವು ಏನು ತಿಂದು ಬಂದಿದ್ದೇವೆ ಅಂತ ಅಷ್ಟು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ.

ನನಗೆ ಒಂಬತ್ತು ತುಂಬಿದಾಗ ಹಾಲು ಕರೆಯುವ ಶಾಸ್ತ್ರ ಮಾಡಿದರು. ಹೊಸ ಬಟ್ಟೆ ಹೊದಿಸಿ, ದೊಡ್ಡಿಯಲ್ಲಿ ಸಾಧು ಎಮ್ಮೆಯ ಪಕ್ಕ ಕೂರಿಸಿದರು. ನಾಲ್ಕು ಹನಿ ಕರೆದೆ. ಅದನ್ನು ಹಿಡಿದುಕೊಂಡು ತಾತನ ಹಿಂದೆ ಬಗ್ಗಿ ಹಾಲುಕೋಣೆಯೊಳಗೆ ಹೋದೆ. ಅಕ್ಕ ಹೊರಗೆ ಹೆತ್ತೆಯ ಪಕ್ಕ ನಿಂತು ನೋಡುತ್ತಿದ್ದಳು. ಇನ್ನು ಈ ಮನೆಯ ಹಾಲು ನಿನ್ನ ಕೈಯಲ್ಲೂ ಇದೆ ಅಂತ ತಾತ ಅಂದ. ನನಗೆ ಕೋಡು ಮೂಡಿತು. ಅಲ್ಲಿಂದ ಮುಂದೆ ತಾತ ದೊಡ್ಡಿಗೆ ಹೋಗುವ ಹೊತ್ತಿಗೇ ನಾನೂ ಎದ್ದು, ಹಿತ್ತಲಿನ ಕಲ್ಲುದೋಣಿಯ ನೀರಲ್ಲಿ ಹಲ್ಲು ಕಡಿಯುತ್ತ ಮಿಂದು, ನಿನ್ನೆಯ ಮಜ್ಜಿಗೆಯನ್ನು ಒಂದು ಚೊಂಬು ಹೊರಗೆ ತರುತ್ತಿದ್ದೆ. ಅಕ್ಕ ಹಿಟ್ಟು ಕಿವುಚುತ್ತಿದ್ದಳು. ಇಬ್ಬರೂ ಹೊಟ್ಟೆ ತುಂಬ ಕುಡಿದು ಹೊರಡುತ್ತಿದ್ದೆವು. ಆ ಉಪಾಯ ಹೇಳಿಕೊಟ್ಟವಳೂ ಅವಳೇ, ನನಗೆ ಅಷ್ಟೆಲ್ಲ ತಲೆ ಓಡುತ್ತಿರಲಿಲ್ಲ.

ತಿಂಗಳು ಕಳೆಯುವುದರೊಳಗೆ ಅಕ್ಕ ಬೇರೆಯೇ ಹುಡುಗಿಯಾದಳು. ಮೇಷ್ಟ್ರು ಲೆಕ್ಕ ಹೇಳಿ ಮುಗಿಸುವ ಮೊದಲೇ ಉತ್ತರ ಅವಳ ಬಾಯಲ್ಲಿ. ಪದ್ಯ ಎರಡು ಸಲ ಕೇಳಿದರೆ ಸಾಕು, ತಿರುಗಿ ಒಪ್ಪಿಸುತ್ತಿದ್ದಳು. ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆಯೇ ಇದನ್ನೆಲ್ಲ ಅಂತ ಮೇಷ್ಟ್ರು ಬೆರಗಾದರು. ಅದೇ ಮಜ್ಜಿಗೆಯನ್ನು ನಾನೂ ಕುಡಿದಿದ್ದೆ. ನನಗೆ ನಿದ್ದೆ ಬರುವುದು ನಿಂತಿತು, ಅಷ್ಟೇ. ಹೊಟ್ಟೆ ತುಂಬಿದ ಮೇಲೆ ಅವಳು ಜಾಣೆ ಅಂತ ಗೊತ್ತಾಯಿತು, ನಾನು ದಡ್ಡ ಅಂತಲೂ ಗೊತ್ತಾಯಿತು. ಅದು ಮೊದಲು ಗೊತ್ತಾಗಿದ್ದು ನನಗೇ.

ಮೇಷ್ಟ್ರದ್ದು ಒಂದು ಪದ್ಧತಿ ಇತ್ತು. ತಪ್ಪು ಹೇಳಿದವನ ಮೂಗನ್ನು ಸರಿ ಹೇಳಿದವನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಕೆನ್ನೆಗೆ ಬಾರಿಸಬೇಕು. ನಾನು ತಪ್ಪು ಹೇಳುವುದು, ಅಕ್ಕ ಎದ್ದು ಬಂದು ನನ್ನ ಮೂಗು ಹಿಡಿಯುವುದು, ಇದು ದಿನದ ಆಟವಾಯಿತು. ಅವಳು ತಟ್ಟಿದ ಹಾಗೆ ಮಾಡುತ್ತಿದ್ದಳು. ಅದು ಹೊಡೆತವೇನೇ, ಮಗುವಿಗೆ ಜೋಗುಳ ಹಾಡ್ತಿದೀಯಾ ಅಂತ ಮೇಷ್ಟ್ರು ಗದರಿಸಿದರೆ ಒಂದು ಸ್ವಲ್ಪ ಜೋರಾಗಿ. ಬೇರೆ ಹಟ್ಟಿಯ ಹುಡುಗರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಹಾಲುಕೋಣೆಗೆ ಹೋಗುವ ಗಂಡಸು ಹೆಣ್ಣಿನ ಕೈಲಿ ಕೆನ್ನೆಗೆ ತಿಂತಾನೆ ಅಂತ ದಾರಿಯಲ್ಲಿ ಕೂಗುತ್ತಿದ್ದರು. ಅವಳು ದಾರಿಯುದ್ದಕ್ಕೂ ನನ್ನ ಕೈ ಹಿಡಿದು ಮಗ್ಗಿ ಹೇಳಿಕೊಡುತ್ತಿದ್ದಳು. ನಾನು ಕೈ ಕೊಸರಿಕೊಂಡು ಮುಂದೆ ನಡೆಯುತ್ತಿದ್ದೆ. ಹೊಟ್ಟೆಯುರಿ ಅನ್ನುವುದು ಆ ವಯಸ್ಸಿಗೆ ಬರುವುದಿಲ್ಲ ಅನ್ನುವವರಿದ್ದಾರೆ. ಬರುತ್ತದೆ, ಚೆನ್ನಾಗಿಯೇ ಬರುತ್ತದೆ.

ಒಂದು ದಿನ ನಿಜವಾಗಿಯೂ ಚಳಿ ತಡೆಯಲಾರದೆ ನಾನು ಮೀಯಲಿಲ್ಲ, ಮಜ್ಜಿಗೆ ತರಲಿಲ್ಲ. ಅವತ್ತು ಅಕ್ಕ ಎರಡು ಲೆಕ್ಕ ತಪ್ಪಿದಳು. ನನ್ನ ಮೂಗು ಉಳಿಯಿತು. ಮರುದಿನ ತಂದೆ, ಅವಳು ಎಲ್ಲ ಸರಿ ಮಾಡಿದಳು. ನಾಲ್ಕು ದಿನ ಬಿಟ್ಟು ಬೇಕೆಂದೇ ತರಲಿಲ್ಲ, ಮೈ ಬಿಸಿ ಇದೆ ಅಂದೆ. ಅವಳು ಪಾಠದ ನಡುವೆ ಸಾಲು ಮರೆತು ನಿಂತಳು. ಇನ್ನೊಂದು ಸಲವೂ ಪರೀಕ್ಷೆ ಮಾಡಿದೆ, ಹಾಗೇ ಆಯಿತು. ಭಾಷಣದಲ್ಲಿ ಹೊಗಳಿದರಲ್ಲ, ಆ ಕಂಡುಕೊಳ್ಳುವಿಕೆ ಇದೇ. ಮೇಷ್ಟ್ರಿಗೆ ತಿಳಿಯದ್ದು, ಇನ್ಸ್‌ಪೆಕ್ಟರಿಗೆ ತಿಳಿಯದ್ದು, ಹತ್ತು ವರ್ಷದ ನನಗೆ ತಿಳಿಯಿತು. ಅಕ್ಕನ ಬುದ್ಧಿಯ ಬಾಗಿಲು ಹಾಲುಕೋಣೆಯಲ್ಲಿದೆ, ಅದರ ಚಿಲಕ ನನ್ನ ಕೈಯಲ್ಲಿದೆ ಅಂತ ತಿಳಿದುಕೊಂಡು ನಾನು ಸುಮ್ಮನಿದ್ದೆ.

ಆ ವರ್ಷದ ಚಳಿಗಾಲದಲ್ಲಿ ಇನ್ಸ್‌ಪೆಕ್ಟರು ಬರುತ್ತಾರೆ ಅಂತ ಸುದ್ದಿ ಬಂತು. ನಮ್ಮ ಶಾಲೆಯಿಂದ ಒಂದು ಮಗುವನ್ನು ಆರಿಸಿ ಉದಕಮಂಡಲದ ದೊಡ್ಡ ಶಾಲೆಗೆ ಕಳಿಸುತ್ತಾರೆ, ಹುಡುಗನಾದರೆ ಹುಡುಗರ ಕಡೆಗೆ, ಹುಡುಗಿಯಾದರೆ ಹುಡುಗಿಯರ ಕಡೆಗೆ. ಅಲ್ಲೇ ಇರುವುದು, ಅಲ್ಲೇ ಊಟ, ಪುಸ್ತಕ ಎಲ್ಲ ಅವರದೇ. ಓದಿ ಮುಗಿಸಿದರೆ ಮೇಷ್ಟ್ರ ಕೆಲಸ. ಮೇಷ್ಟ್ರು ತಾವೇ ದಿಣ್ಣೆ ಹತ್ತಿ ಏದುಸಿರು ಬಿಡುತ್ತ ನಮ್ಮ ಮನೆಗೆ ಬಂದು, ನಿಮ್ಮ ಹುಡುಗಿಯೇ ಆರಿಸಿ ಬರೋದು, ಅಡ್ಡ ಬರಬೇಡಿ ಅಂದರು. ಅಕ್ಕನಿಗೆ ಆಗಲೇ ಪಕ್ಕದ ಸೀಮೆಯ ಒಂದು ಮನೆಯಲ್ಲಿ ಮಾತಾಗಿತ್ತು. ತಾತನ ಮುಖ ನೋಡಿ ಅಪ್ಪ ಹೇಳಿದ, ಇನ್ಸ್‌ಪೆಕ್ಟರ್ ದೊರೆ ಆರಿಸಿದರೆ ಕಳಿಸ್ತೀನಿ, ಮದುವೆ ಮುಂದಕ್ಕೆ ಹಾಕ್ತೀನಿ. ಆರಿಸದೆ ಹೋದರೆ ಬರುವ ತಿಂಗಳೇ ಕೊಟ್ಟುಬಿಡೋದು.

ಅಕ್ಕ ಅವತ್ತಿನಿಂದ ನೆಲದ ಮೇಲೆ ಕಾಲಿಟ್ಟು ನಡೆಯಲಿಲ್ಲ. ನೀರಿಗೆ ಹೋಗುವಾಗ ಮಗ್ಗಿ, ಕಳೆ ಕೀಳುವಾಗ ಪದ್ಯ. ನಾನು ಮೇಷ್ಟ್ರಮ್ಮ ಆದರೆ ನಿನ್ನ ಮಕ್ಕಳಿಗೆಲ್ಲ ನಾನೇ ಪಾಠ ಹೇಳೋದು, ಮೂಗು ಹಿಡಿಸೋದಿಲ್ಲ ಅಂತ ನನಗೆ ಹೇಳಿ ನಗುತ್ತಿದ್ದಳು. ದಾರಿಯಲ್ಲಿ ನನಗೂ ಲೆಕ್ಕ ಹೇಳಿಕೊಡುತ್ತಿದ್ದಳು. ಹದಿನಾಲ್ಕನ್ನು ಒಟ್ಟಿಗೆ ಹಿಡೀಬೇಡ ಕಣೋ, ಹತ್ತನ್ನ ಬೇರೆ ಮಾಡು, ನಾಲ್ಕನ್ನ ಬೇರೆ ಮಾಡು, ಆಮೇಲೆ ಕೂಡಿಸು. ಆ ಒಂದು ಉಪಾಯ ಮಾತ್ರ ನನ್ನ ತಲೆಗೆ ಹತ್ತಿತು.

ಇನ್ಸ್‌ಪೆಕ್ಟರು ಬರುವ ಹಿಂದಿನ ದಿನ ಸಂಜೆ ಒಲೆ ಹಚ್ಚುವ ಹೊತ್ತಿಗೆ ಸಾವಿನ ಸುದ್ದಿ ಬಂತು. ದಿಣ್ಣೆಯಾಚೆಯ ಹಟ್ಟಿಯಲ್ಲಿ ನಮ್ಮ ವಂಶದ ಹಿರಿಯನೊಬ್ಬ ತೀರಿಕೊಂಡಿದ್ದ. ತಾತ, ಅಪ್ಪ, ಅವ್ವೆ ಮೂವರೂ ಹೊರಟರು. ಕೊನೆಯ ಮನೆಯ ಮುದುಕನೊಬ್ಬನನ್ನು ಬಿಟ್ಟು ಸಾಲುಮನೆಗಳವರೂ ಹೊರಟರು. ಹೆಣ ಎತ್ತುವ ತನಕ ವಂಶದ ಯಾವ ಮನೆಯಲ್ಲೂ ಒಲೆ ಹೊತ್ತಿಸುವಂತಿಲ್ಲ ಅನ್ನುವುದು ನಮ್ಮ ತಾತನ ಕಟ್ಟಳೆ. ಆ ರಾತ್ರಿ ಹಿಟ್ಟು ಆಗಲಿಲ್ಲ. ಮನೆಯಲ್ಲಿ ಉಳಿದದ್ದು ಹೆತ್ತೆ, ಅಕ್ಕ, ನಾನು. ಹೊರಡುವಾಗ ತಾತ ನನ್ನನ್ನು ಕರೆದು, ಮನೆಯಲ್ಲಿ ಗಂಡಸು ಅಂತ ಈಗ ನೀನೊಬ್ಬನೇ, ಬೆಳಗ್ಗೆ ಮಿಂದು ಮಜ್ಜಿಗೆ ತೆಗೆದು ಹೆತ್ತೆಗೂ ಅಕ್ಕನಿಗೂ ಕೊಡು, ಬೆಣ್ಣೆ ಇದೆ, ಒಂದು ಉಂಡೆ ಅಕ್ಕನಿಗೆ ಕೊಡು, ನಾಳೆ ಅವಳದ್ದು ಪರೀಕ್ಷೆ ಅಂದ. ಹೂಂ ಅಂದೆ.

ಬೆಳಗ್ಗೆ ಅಂಗಳವೆಲ್ಲ ಹಿಮ ಬಿದ್ದು ಬೆಳ್ಳಗಾಗಿತ್ತು. ಅಕ್ಕ ಬಂದು ನನ್ನ ಕಂಬಳಿ ಎಳೆದಳು. ಏಳೋ, ಮಿಂದು ಒಂದು ಚೊಂಬು ತಾ, ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿಲ್ಲ, ಕೈ ನಡುಗ್ತಿದೆ ಅಂದಳು. ನನಗೂ ಹಸಿವು ಸುಡುತ್ತಿತ್ತು. ಆದರೂ ಕಂಬಳಿಯೊಳಗಿಂದಲೇ ಚಳಿಜ್ವರ ಬಂದಿದೆ, ಮೀಯಲಾರೆ ಅಂದೆ. ಮೀಯದೆ ಒಳಗೆ ಹೋದರೆ ಎಮ್ಮೆ ಬತ್ತಿ ಹೋಗುತ್ತದೆ, ಅದು ಅವಳಿಗೂ ಗೊತ್ತಿತ್ತು. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಕೊನೆಯ ಮನೆಯ ಮುದುಕನನ್ನು ಕೇಳಲಾ ಅಂತ ಹೆತ್ತೆಯ ಹತ್ತಿರ ಅಂದಳು. ತಾತ ಹುಡುಗನಿಗೆ ಹೇಳಿ ಹೋಗಿದ್ದಾನೆ, ಬೇರೆ ಮನೆಯ ಹಾಲಿಗೆ ಕೈ ಚಾಚಬೇಡ, ಸ್ವಲ್ಪ ತಾಳು, ಏಳ್ತಾನೆ ಅಂತ ಹೆತ್ತೆ ಅಂದಳು. ಅಕ್ಕ ಕೊಡ ಎತ್ತಿಕೊಂಡು ನೀರು ತರಲು ಊಟೆಯ ಬುಗ್ಗೆಗೆ ಹೋದಳು.

ಅವಳು ತಿರುವಿನಲ್ಲಿ ಮರೆಯಾದದ್ದೇ ತಡ ನಾನು ಎದ್ದೆ. ಹಿತ್ತಲಿಗೆ ಓಡಿ ತಲೆಗೆ ನೀರು ಹೊಯ್ದುಕೊಂಡೆ. ಹೆತ್ತೆಗೆ ಕಣ್ಣು ಮಂಜು, ಮೂಲೆಯಲ್ಲಿ ಕೂತು ತೂಕಡಿಸುತ್ತಿದ್ದಳು. ಹಾಲುಕೋಣೆಗೆ ಬಗ್ಗಿ ಹೋಗಿ, ಗಡಿಗೆಗೇ ಬಾಯಿ ಹಚ್ಚಿ ಮಜ್ಜಿಗೆ ಕುಡಿದೆ. ಹೊಟ್ಟೆ ಬಿರಿಯುವಷ್ಟು ಕುಡಿದೆ. ಅಕ್ಕನಿಗೆ ಅಂತ ತಾತ ಹೇಳಿದ್ದ ಬೆಣ್ಣೆಯನ್ನು, ಬಲಗೈ ಗಡಿಗೆಯ ಮೇಲಿದ್ದ ಹಾಗೇ, ಎಡಗೈಯಲ್ಲಿ ಬಾಚಿ ತಿಂದೆ. ಒಂದು ಚೊಂಬು ತುಂಬಿಕೊಂಡು ಹೊರಗೆ ಬರಲು ಎಷ್ಟು ಹೊತ್ತು ಬೇಕಿತ್ತು? ಚೊಂಬು ಕಾಲ ಹತ್ತಿರವೇ ಇತ್ತು. ಅದನ್ನು ನೋಡಿದೆ. ನೋಡಿ ಬಿಟ್ಟು ಬಂದೆ. ಆಡುವಾಗ ಆದದ್ದು, ಮರೆತು ಆದದ್ದು ಅಂತ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅಲ್ಲ. ಗೊತ್ತಿದ್ದೂ ಮಾಡಿದ್ದು.

ಬಾಯಿ ಒರೆಸಿಕೊಂಡೆ. ಒದ್ದೆ ತಲೆ ಕಾಣದ ಹಾಗೆ ಬಟ್ಟೆ ಸುತ್ತಿಕೊಂಡು ತಣ್ಣಗಿದ್ದ ಒಲೆಯ ಹತ್ತಿರ ಮುದುರಿ ಕೂತೆ. ಅಕ್ಕ ನೀರಿನ ಕೊಡ ಇಳಿಸಿ, ಮಿಂದೆಯಾ ಅಂದಳು. ಇಲ್ಲ ಅಂದೆ. ಇಷ್ಟೊಂದು ಜ್ವರ ಇದ್ದರೆ ಶಾಲೆಗೆ ಬರಬೇಡ, ಹೆತ್ತೆ ಹತ್ತಿರ ಇರು ಅಂದಳು. ಇಲ್ಲ, ಬರ್ತೀನಿ ಅಂದೆ. ಹಾಗಾದರೆ ನಡೆ, ಹೊತ್ತಾಯ್ತು ಅಂತ ನನ್ನ ಬಲಗೈ ಹಿಡಿದುಕೊಂಡಳು. ಕಾಡಿನ ನಡುವಿನ ಹಳ್ಳದಲ್ಲಿ ಬಗ್ಗಿ ನಾಲ್ಕು ಬೊಗಸೆ ನೀರು ಕುಡಿದಳು. ಕುಡಿದು ಎದ್ದು ನಿಂತಾಗ ಅವಳ ತುಟಿ ನೀಲಿಯಾಗಿತ್ತು.

ಇನ್ಸ್‌ಪೆಕ್ಟರು ಕುದುರೆಯ ಮೇಲೆ ಬಂದರು, ಬಿಳಿಯ ದೊರೆ, ಕನ್ನಡ ಬಲ್ಲವರು. ಜೊತೆಯಲ್ಲಿ ಪುಸ್ತಕ ಹಿಡಿದ ಒಬ್ಬ ಗುಮಾಸ್ತ. ಮೇಷ್ಟ್ರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬೆವರುತ್ತಿದ್ದರು. ಮೊದಲು ಅಕ್ಕನನ್ನೇ ಎಬ್ಬಿಸಿ, ಇವಳು ನಮ್ಮ ಶಾಲೆಯ ರತ್ನ ಸ್ವಾಮೀ ಅಂದರು. ಪುಸ್ತಕ ಕೊಟ್ಟು ಓದು ಅಂದರು. ಅವಳು ಎರಡು ಸಾಲು ಓದಿದಳು. ಮೂರನೆಯ ಸಾಲಿಗೆ ಬಂದು ನಿಂತಳು, ಮತ್ತೆ ಮೊದಲನೆಯ ಸಾಲಿಗೆ ಹೋದಳು. ಇರಲಿ, ಲೆಕ್ಕ ಕೇಳೋಣ ಅಂದರು ದೊರೆ. ಒಂದು ಗಾಡಿಗೆ ಹದಿನಾಲ್ಕು ಮೂಟೆ ಆಲೂಗಡ್ಡೆ ಹಿಡಿದರೆ ಆರು ಗಾಡಿಗೆ ಎಷ್ಟು? ನಿದ್ದೆಯಲ್ಲಿ ಕೇಳಿದರೂ ಅವಳು ಹೇಳುತ್ತಿದ್ದ ಲೆಕ್ಕ. ಅವಳು ಬಾಯಿ ತೆರೆದಳು, ಮುಚ್ಚಿದಳು. ಗೋಡೆಗೆ ಕೈ ಕೊಟ್ಟು ನಿಂತಳು. ಅರವತ್ತನಾಲ್ಕು ಅಂದಳು.

ಮೇಷ್ಟ್ರ ಮುಖ ಕಪ್ಪಿಟ್ಟಿತು. ಮುಂದಿನವನು ಅಂದರು. ಮುಂದಿನವನು ನಾನು. ಹತ್ತನ್ನು ಬೇರೆ ಮಾಡಿದೆ, ನಾಲ್ಕನ್ನು ಬೇರೆ ಮಾಡಿದೆ, ಕೂಡಿಸಿದೆ. ಎಂಬತ್ತನಾಲ್ಕು ಅಂದೆ. ಶಹಬ್ಬಾಸ್ ಅಂದರು ದೊರೆ. ಮೇಷ್ಟ್ರಿಗೆ ಅದೆಲ್ಲಿತ್ತೋ ಸಿಟ್ಟು, ದೊರೆಯ ಎದುರಿಗೆ ತಮ್ಮ ಶಿಸ್ತು ತೋರಿಸಬೇಕು ಅಂತಲೂ ಇತ್ತೇನೋ, ಹಿಡಿ ಅವಳ ಮೂಗು, ಹೊಡಿ ಅಂದರು.

ನಾನು ಎದ್ದು ಹೋದೆ. ಅವಳು ನನಗಿಂತ ಎತ್ತರ. ಮೂಗು ನನ್ನ ಕೈಗೆ ಸಿಗಲಿ ಅಂತ ಅವಳೇ ಸ್ವಲ್ಪ ಬಗ್ಗಿದಳು. ಎಡಗೈಯಲ್ಲಿ ಹಿಡಿದೆ, ಹಿಮದ ಹಾಗೆ ತಣ್ಣಗಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟ ತಪ್ಪಿಸಲು ಬೇಗ ಹೊಡೆದೆ, ಜೋರಾಗಿಯೇ ಹೊಡೆದೆ. ಅವಳು ಅಳಲಿಲ್ಲ, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಹುಡುಗಿಗೆ ಮೈ ಸರಿಯಿಲ್ಲವೇ ಅಂತ ದೊರೆ ಕೇಳಿದರು. ಇಲ್ಲ ಸ್ವಾಮಿ, ಈ ಬೆಟ್ಟದ ಮಕ್ಕಳು ಬೆಳಗಿನ ಹೊತ್ತು ಹೀಗೇ ಅಂದರು ಮೇಷ್ಟ್ರು. ಆ ಮಾತನ್ನು ಗುಮಾಸ್ತ ಬರೆದುಕೊಂಡ. ನನ್ನನ್ನು ಇನ್ನೂ ಎರಡು ಕೇಳಿದರು, ಹೇಗೋ ಹೇಳಿದೆ. ನಿದ್ದೆಗಣ್ಣಿನ ಹುಡುಗರ ನಡುವೆ ಹೊಟ್ಟೆ ತುಂಬಿದವನು ನಾನೊಬ್ಬನೇ, ಹೇಳದೆ ಏನು.

ನನ್ನನ್ನು ಆರಿಸಿದರು. ಮರುತಿಂಗಳೇ ಅಕ್ಕನನ್ನು ಕೊಟ್ಟರು. ಅಪ್ಪ ಆಡಿದ ಮಾತಿಗೆ ತಪ್ಪುವವನಲ್ಲ. ಅವಳು ತನ್ನ ಸ್ಲೇಟನ್ನು ನನ್ನ ಗಂಟಿನಲ್ಲಿ ಇಟ್ಟು, ನಿಂದು ಒಡೆದಿದೆಯಲ್ಲ, ಇದನ್ನ ತಗೊಂಡು ಹೋಗು ಅಂದಳು. ಉದಕಮಂಡಲದ ಶಾಲೆಯಲ್ಲಿ ಬೆಳಗಿನ ತಿಂಡಿಗೇ ಒಂದು ಬೇರೆ ಗಂಟೆ ಇತ್ತು. ಮೊದಲ ದಿನ ಆ ಗಂಟೆ ಕೇಳಿದಾಗ ನನಗೆ ಅನ್ನ ಸೇರಲಿಲ್ಲ ಅಂತ ಬರೆದರೆ ಚೆನ್ನಾಗಿರುತ್ತದೆ. ಸೇರಿತು. ಚೆನ್ನಾಗಿ ತಿಂದೆ. ಬೆನ್ನು ಬಾಗಿಸಿ ಗಟ್ಟು ಹೊಡೆದು, ಎರಡು ಸಲ ಫೇಲಾಗಿ, ಕೊನೆಗೆ ಮೇಷ್ಟ್ರಾದೆ. ಅವಳು ಆಗಿದ್ದರೆ ಎಂಥ ಮೇಷ್ಟ್ರಾಗುತ್ತಿದ್ದಳು ಅಂತ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಅವಳ ಗಂಡನ ಹಟ್ಟಿಗೆ ನಾನು ವರ್ಷಕ್ಕೊಮ್ಮೆ ಹೋಗುತ್ತಿದ್ದೆ. ಹೋದ ಕೂಡಲೇ ಮೊದಲು ತಟ್ಟೆ ಇಡುತ್ತಿದ್ದಳು, ತಿನ್ನು, ಆಮೇಲೆ ಮಾತು ಅನ್ನುತ್ತಿದ್ದಳು. ಅವಳಿಗೆ ಏನೂ ಗೊತ್ತಿಲ್ಲ ಅಂತ ನಾನು ನಂಬಿಕೊಂಡಿದ್ದೆ. ಗೊತ್ತಿಲ್ಲದವಳಿಗೆ ಹೇಳಿ ನೋಯಿಸುವುದು ಯಾಕೆ ಅಂತ ನನ್ನ ಹೇಡಿತನಕ್ಕೆ ಒಂದು ಒಳ್ಳೆಯ ಹೆಸರೂ ಕೊಟ್ಟುಕೊಂಡಿದ್ದೆ. ನಾವು ಓದಿದ ಈ ಶಾಲೆಗೇ ಮೇಷ್ಟ್ರಾಗಿ ಬಂದ ವರ್ಷವೇ ಗಂಜಿ ಶುರುಮಾಡಿದೆ. ಮೂಗು ಹಿಡಿಸುವುದನ್ನು ನಿಲ್ಲಿಸಿದೆ. ಹಾಗೆ ಮಾಡಿದರೆ ಎಲ್ಲೋ ಏನೋ ತೀರುತ್ತದೆ ಅಂದುಕೊಂಡಿದ್ದೆ.

ಶಾಲು ಹೊದಿಸಿದ ಸುದ್ದಿ ಅವಳವರೆಗೂ ಹೋಯಿತು. ಕೆಲವು ದಿನದ ಮೇಲೆ ಬೆಳಗ್ಗೆ ಅವಳು ತನ್ನ ಕಿರಿಯ ಮಗಳನ್ನು ಕರೆದುಕೊಂಡು ಬಂದಳು. ನಮ್ಮ ಹಟ್ಟಿಯಲ್ಲೇ ತವರುಮನೆಯಲ್ಲಿ ಅವ್ವೆಯ ಹತ್ತಿರ ಬಿಟ್ಟು ಓದಿಸುತ್ತೇನೆ, ಸೇರಿಸಿಕೋ ಅಂದಳು. ನಲವತ್ತು ದಾಟಿದ ಹೆಂಗಸು, ತಲೆಗೆ ನಮ್ಮ ಹೆಂಗಸರು ಕಟ್ಟುವ ಬಿಳಿಯ ಬಟ್ಟೆ, ಕೈಯೆಲ್ಲ ಒಡೆದಿತ್ತು. ಹುಡುಗಿಯ ಕಣ್ಣು ನೋಡಿದೆ, ಅದೇ ಕಣ್ಣು. ಮಕ್ಕಳು ಸಾಲಾಗಿ ಕೂತು ಗಂಜಿ ಕುಡಿಯುತ್ತಿದ್ದರು. ನನಗೆ ಏನು ಬುದ್ಧಿ ಬಂತೋ, ಎರಡು ಬಟ್ಟಲು ತುಂಬಿ ತಂದು, ನೀನೂ ಕುಡಿ ಅಕ್ಕ, ಮಜ್ಜಿಗೆ ಹಾಕಿದೆ ಅಂತ ಅವಳ ಮುಂದೆ ಹಿಡಿದೆ.

ಅವಳು ಬಟ್ಟಲನ್ನು ನೋಡಲಿಲ್ಲ, ಹಿಡಿದ ನನ್ನ ಕೈಯನ್ನು ನೋಡಿದಳು. ಆಮೇಲೆ ಮಗಳ ತಲೆಗೂದಲು ಸರಿಮಾಡುತ್ತ, ಸಂತೆಯ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು.

"ಅವತ್ತು ದೊರೆಯ ಮುಂದೆ ನನ್ನ ಮೂಗು ಹಿಡಿದೆಯಲ್ಲ, ನಿನ್ನ ಕೈ ಬೆಣ್ಣೆ ವಾಸನೆ ಬರ್ತಿತ್ತು."

ನನ್ನ ಕೈಯಲ್ಲಿದ್ದ ಗಂಜಿ ಕಾಲ ಮೇಲೆ ಚೆಲ್ಲಿತು. ಅಷ್ಟು ವರ್ಷ ತಟ್ಟೆ ಇಟ್ಟವಳು, ತಿನ್ನು ಅಂದವಳು, ಎಲ್ಲ ಗೊತ್ತಿದ್ದೇ ಇಟ್ಟಿದ್ದಳು. ತಲೆಗೆ ಬಟ್ಟೆ ಸುತ್ತಿಕೊಳ್ಳಲು ಬುದ್ಧಿ ಇದ್ದ ನನಗೆ ಕೈ ತೊಳೆಯಬೇಕು ಅಂತ ಹೊಳೆದಿರಲಿಲ್ಲ. ಅವಳು ಮಾತು ಮುಂದುವರಿಸಿದಳು. "ಇವಳಿಗೆ ದಿನಾ ಮನೇಲಿ ಉಣಿಸಿ ಕಳಿಸೋಕೆ ಹೇಳಿದೀನಿ. ನೀನು ಪಾಠ ಹೇಳು, ಸಾಕು. ನಿನ್ನ ಕೈಯಿಂದ ಇವಳಿಗೆ ಏನೂ ಕೊಡಬೇಡ" ಅಂದು ದಿಣ್ಣೆ ಹತ್ತಿ ಹೋದಳು.

ಹುಡುಗಿ ದಿನಾ ಬರುತ್ತಾಳೆ. ಮಕ್ಕಳು ಗಂಜಿ ಕುಡಿಯುವಾಗ ಗೋಡೆಗೆ ಒರಗಿ ಪುಸ್ತಕ ತೆರೆದುಕೊಂಡು ಕಾಯುತ್ತಾಳೆ. ನಾನು ಲೆಕ್ಕ ಹೇಳಿ ಮುಗಿಸುವ ಮೊದಲೇ ಉತ್ತರ ಅವಳ ಬಾಯಲ್ಲಿರುತ್ತದೆ.